ಹುಲಿಕಲ್, ಬಡಗೇರಿ, ಹೊನ್ನಳ್ಳಿ: ಮೂವರು ಅಜ್ಜಿಯರ ಊರಿಗೆ

ನಮ್ಮಜ್ಜಿ ತೀರಿಕೊಂಡದ್ದು 2025ರ ಆಷಾಢದಲ್ಲಿ. ತಿಥಿ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದ ನೆಂಟರೆಲ್ಲ ಆಡಿದ್ದು ಒಂದೇ ಮಾತು: ಒಳ್ಳೇ ಜೀವ. ಹೌದು, ಒಳ್ಳೇ ಜೀವವೇ. ಆದರೆ ಆಕೆ ಬೀಸುಕಲ್ಲಿನ ಮುಂದೆ ಕೂತರೆ ಮೊರದ ರಾಗಿ ಮುಗಿಯುವವರೆಗೂ ಹಾಡು ಮುಗಿಯುತ್ತಿರಲಿಲ್ಲ. ಹಸು ಈಯುವ ರಾತ್ರಿ ಊರಿನವರು ಲಾಟೀನು ಹಿಡಿದು ಬಂದು ಆಕೆಯನ್ನೇ ಎಬ್ಬಿಸುತ್ತಿದ್ದರು. ಯಾವ ಹೊಲದ ಯಾವ ಮೂಲೆಗೆ ಹುರುಳಿ ಚೆಲ್ಲಬೇಕು ಅನ್ನುವುದು ಆಕೆಯ ಬಾಯಲ್ಲಿತ್ತು. ಅವತ್ತು ಇದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಫೋನಿನಲ್ಲಿ ಆಕೆಯ ದನಿ ಇರುವುದು ನಲವತ್ತು ಸೆಕೆಂಡು. ಅದರಲ್ಲಿ ಅರ್ಧ "ಸಾಕು ಬಿಡೇ, ಆರಿಸು ಅದನ್ನ" ಎಂಬ ಮಾತು.

ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ಹೋದ ಸುದ್ದಿ ಬಂತು. 114 ವರ್ಷದ ಜೀವ. ಊರಿನಿಂದ ಚಿಕ್ಕಮ್ಮ ಫೋನ್ ಮಾಡಿ, "ನಮ್ಮ ಗುಬ್ಬಿ ಸೀಮೆಯ ಹೆಣ್ಣು ಕಣೇ ಅದು" ಎಂದು ಗಂಟಲು ಕಟ್ಟಿಕೊಂಡಳು. ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲೇ. ಮದುವೆಯಾಗಿ ಬಂದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. 2024ರ ಡಿಸೆಂಬರ್ 16ರಂದು ಕಾಡಿಗೆ ಗಿಡ ಬೆಳೆಸಿದ ಅಂಕೋಲೆಯ ತುಳಸಿ ಗೌಡ, 2025ರ ಫೆಬ್ರವರಿ 13ರಂದು ಅದೇ ಅಂಕೋಲೆಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಈಗ ತಿಮ್ಮಕ್ಕ. ಹನ್ನೊಂದು ತಿಂಗಳೊಳಗೆ ಮೂವರು ಅಜ್ಜಿಯರು. ಮೂವರಿಗೂ ಪದ್ಮಶ್ರೀ ಬಂದಿತ್ತು. ಮೂವರೂ ಶಾಲೆಗೆ ಹೋಗಿ ಕಲಿತವರಲ್ಲ. ಅವರಿದ್ದ ನೆಲವನ್ನು ನೋಡಿಬರಬೇಕು ಅನ್ನಿಸಿತು. "ನಾನೂ ಬರ್ತೀನಿ" ಎಂದಳು ಚಿಕ್ಕಮ್ಮ. ಅವಳಿಗೆ ಅರವತ್ತೆರಡು. ಅಜ್ಜಿ ಹೋದ ಮೇಲೆ ಮನೆಯಿಂದ ಆಚೆ ಕಾಲಿಟ್ಟವಳಲ್ಲ.

ಮೊದಲ ದಿನ, ಡಿಸೆಂಬರ್ 14, ಭಾನುವಾರ

ತಿಮ್ಮಕ್ಕ ಹೋಗಿ ಸರಿಯಾಗಿ ಒಂದು ತಿಂಗಳು. ಬೆಂಗಳೂರಿನಿಂದ ಬೆಳಗಿನ ಬಸ್ಸಿನಲ್ಲಿ ನೆಲಮಂಗಲ, ಸೋಲೂರು ದಾಟಿ ಕುದೂರಿನಲ್ಲಿ ಇಳಿದೆವು. ನಾವು ಚಿಕ್ಕವರಿದ್ದಾಗ ಇದು ಬೆಂಗಳೂರು ಗ್ರಾಮಾಂತರ, ಆಮೇಲೆ ರಾಮನಗರ ಜಿಲ್ಲೆ, ಈಗ ಬೆಂಗಳೂರು ದಕ್ಷಿಣ. ಇಡ್ಲಿ ತಿಂದು, ಬಾಟಲಿಗೆ ನೀರು ತುಂಬಿಕೊಂಡು, ಹುಲಿಕಲ್ ಕಡೆಗೆ ನಡೆಯಲು ಶುರುಮಾಡಿದೆವು. ಆಟೋದವರು ಎರಡು ಸಲ ನಿಲ್ಲಿಸಿ ಕೇಳಿದರು. ಚಿಕ್ಕಮ್ಮನೇ ಬೇಡ ಎಂದಳು.

ಈ ರಸ್ತೆಯ ಉದ್ದ ಸುಮಾರು ನಾಲ್ಕೂವರೆ ಕಿಲೋಮೀಟರ್. ಎರಡೂ ಬದಿ 385 ಆಲದ ಮರ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಪಠ್ಯಪುಸ್ತಕದಲ್ಲಿ ಓದಿದ್ದೇವೆ, ಮಕ್ಕಳಿಗೆ ಓದಿಸಿದ್ದೇವೆ. ನೆರಳಿಗೆ ಕಾಲಿಟ್ಟಾಗ ಮಾತ್ರ ಆ ಅಂಕಿ ಮರೆತುಹೋಗುತ್ತದೆ. ಆಚೆ ಬದಿಯ ಕೊಂಬೆ ಈಚೆಗೆ, ಈಚೆಯದು ಆಚೆಗೆ ಚಾಚಿ ತಲೆಯ ಮೇಲೆ ಚಪ್ಪರ ಹಾಕಿದಂತಾಗಿದೆ. ಡಿಸೆಂಬರಿನ ಬಿಸಿಲಿಗೂ ಒಳಗೊಂದು ತಂಪು.

ಚಿಕ್ಕಮ್ಮ ಮರ ಎಣಿಸುತ್ತ ಬರುತ್ತಿದ್ದಳು. ನಲವತ್ತಕ್ಕೆ ಎಣಿಕೆ ಬಿಟ್ಟು, "ನೀರು ಎಲ್ಲಿಂದ ತರ್ತಿದ್ರಂತೆ?" ಎಂದು ಕೇಳಿದಳು. ಗಂಡ ಹೆಂಡತಿ ನಾಲ್ಕು ಬಿಂದಿಗೆ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆಯುತ್ತಿದ್ದರಂತೆ ಎಂದು ನಾನು ಓದಿದ್ದನ್ನು ಹೇಳಿದೆ. ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಚೀಲದಿಂದ ಟವಲು ತೆಗೆದು ಸುರುಳಿ ಸುತ್ತಿ ಸಿಂಬೆ ಮಾಡಿ ನನ್ನ ತಲೆಯ ಮೇಲಿಟ್ಟಳು. ಅದರ ಮೇಲೆ ನಮ್ಮ ಬಟ್ಟೆಯ ಚೀಲ, ಕಂಕುಳಿಗೆ ನೀರಿನ ಎರಡು ಬಾಟಲಿ.

"ನಡಿ. ಆ ಮೋರಿವರೆಗೆ."

ನಡೆದೆ. ನೂರು ಹೆಜ್ಜೆಗೆ ಕತ್ತು ಬಿಗಿಯಿತು. ಬಿಂದಿಗೆಯಾದರೆ ನೀರು ಅಲ್ಲಾಡುತ್ತದೆ, ಅಲ್ಲಾಡಿದರೆ ಚೆಲ್ಲುತ್ತದೆ, ಚೆಲ್ಲಬಾರದೆಂದರೆ ಸೊಂಟದಿಂದ ಮೇಲೆ ಕದಲಬಾರದು, ಕಾಲು ಮಾತ್ರ ನಡೆಯಬೇಕು. ಚಿಕ್ಕಮ್ಮ ಪಕ್ಕದಲ್ಲೇ ನಡೆಯುತ್ತ ಇದನ್ನೆಲ್ಲ ಹೇಳಿಕೊಟ್ಟಳು. "ಅಷ್ಟು ದೂರ ತಂದ ನೀರನ್ನ ಗಿಡದ ಬುಡಕ್ಕೆ ದಬಕ್ ಅಂತ ಸುರಿಯಕ್ಕಾಗಲ್ಲ. ಅಂಗೈ ಅಡ್ಡ ಹಿಡಿದು ಬಿಡಬೇಕು. ಇಲ್ದಿದ್ರೆ ಮಣ್ಣು ಕೊಚ್ಚಿ ಬೇರು ಬಯಲಾಗುತ್ತೆ."

ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಹಗಲು ಕೂಲಿ ಮಾಡುವ ದಂಪತಿ. ಗಂಡ ಚಿಕ್ಕಯ್ಯ ಗುಂಡಿ ತೋಡುತ್ತಿದ್ದರು, ತಿಮ್ಮಕ್ಕ ನೀರು ಹೊರುತ್ತಿದ್ದರು. ಮಳೆಗಾಲ ನೋಡಿ ನೆಡುವುದು, ದನ ಮೇಯದಂತೆ ಸುತ್ತ ಮುಳ್ಳು ಕಟ್ಟುವುದು, ಬೇಸಿಗೆ ದಾಟಿಸುವುದು. ಮಕ್ಕಳಿಲ್ಲದ ದುಃಖಕ್ಕೆ ಮರಗಳನ್ನೇ ಮಕ್ಕಳೆಂದು ಸಾಕಿದರು ಎಂಬ ಒಂದೇ ವಾಕ್ಯದಲ್ಲಿ ನಾವು ಇದನ್ನೆಲ್ಲ ಮುಗಿಸಿಬಿಟ್ಟೆವು. ಆ ದುಃಖ ನಿಜ. ಊರಿನ ಮಾತುಗಳನ್ನು ಅವರು ಉಂಡಿದ್ದೂ ನಿಜ. ಆದರೆ ದುಃಖ ಇದ್ದವರೆಲ್ಲರ ಕೈಯಲ್ಲೂ 385 ಮರ ಬದುಕುವುದಿಲ್ಲ. ಯಾವ ಸಸಿಗೆ ಎಷ್ಟು ನೀರು, ಎಲ್ಲಿ ಎಷ್ಟು ಅಂತರ, ಮುಳ್ಳನ್ನು ಯಾವಾಗ ಬಿಚ್ಚಬೇಕು, ಎಲ್ಲದಕ್ಕೂ ತಿಳಿವಳಿಕೆ ಬೇಕಿತ್ತು. ಆ ತಿಳಿವಳಿಕೆ ಇಬ್ಬರದು.

ಚಿಕ್ಕಯ್ಯ ತೀರಿಕೊಂಡದ್ದು 1991ರಲ್ಲಿ. ತಿಮ್ಮಕ್ಕನಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ. ಗುಂಡಿ ತೋಡಿದವರು ಒಂದು ಹಾರವನ್ನೂ ಕಾಣಲಿಲ್ಲ. ನಂತರದ ಮೂವತ್ತು ವರ್ಷ ತಿಮ್ಮಕ್ಕ ವೇದಿಕೆಯಿಂದ ವೇದಿಕೆಗೆ ಹೋದರು. 2019ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಯ ತಲೆ ಮುಟ್ಟಿ ಹರಸಿದರು. ಅದೇ ವರ್ಷ ರಸ್ತೆ ಅಗಲಿಸುವ ಯೋಜನೆಗೆ ಈ ಮರಗಳೇ ಬಲಿಯಾಗುತ್ತವೆ ಎಂದಾದಾಗ ಮುಖ್ಯಮಂತ್ರಿಯವರೆಗೂ ಹೋಗಿ ಕೇಳಿಕೊಂಡರು. ನೂರು ದಾಟಿದ ವಯಸ್ಸಿನಲ್ಲಿ, ತಾನು ನೆಟ್ಟ ಮರ ಕಡಿಯಬೇಡಿ ಎಂದು ಕೇಳಬೇಕಾಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹುಲಿಕಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಾವಿನ ಮನೆಗೆ ಗುರುತಿಲ್ಲದವರು ಹೋಗಿ ಏನು ಕೇಳುವುದು? ಸಂಜೆ ರೈಲು ಬೇರೆ ಇತ್ತು. ಹಿಂದಿರುಗುವಾಗ ಚಿಕ್ಕಮ್ಮ ಒಂದು ಮರದ ಬಿಳಲನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಅದು ಇನ್ನೂ ನೆಲ ಮುಟ್ಟಿರಲಿಲ್ಲ. ತುದಿ ಹಸಿಯಾಗಿ, ತಿಳಿ ಹಳದಿಯಾಗಿ, ಎಳೆ ಮಗುವಿನ ಬೆರಳಿನಂತಿತ್ತು.

ಎರಡನೇ ದಿನ, ಡಿಸೆಂಬರ್ 15, ಸೋಮವಾರ

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕಣ್ಣುಬಿಟ್ಟಾಗ ಕಿಟಕಿಯಾಚೆ ತೆಂಗು ಮತ್ತು ಮಂಜು. ಗೋಕರ್ಣ ರೋಡ್ ದಾಟಿದ ಮೇಲೆ ಗಂಗಾವಳಿಯ ಸೇತುವೆ. ಈ ಹೊಳೆಯ ದಂಡೆಯ ಶಿರೂರಿನಲ್ಲೇ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜನ ಮಣ್ಣುಪಾಲಾದದ್ದು. ಸರಿಯಾಗಿ ಐದು ತಿಂಗಳಿಗೆ, ಅದೇ ತಾಲ್ಲೂಕಿನಲ್ಲಿ, ಆಯುಷ್ಯಪೂರ್ತಿ ಗುಡ್ಡಕ್ಕೆ ಮರ ಕೂರಿಸಿದ ತುಳಸಜ್ಜಿ ಕಣ್ಣುಮುಚ್ಚಿದರು. ಈ ಎರಡು ದಿನಾಂಕ ಅಕ್ಕಪಕ್ಕ ಇಟ್ಟುಕೊಂಡು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ಹರಿವೆ, ಬಸಳೆ, ಗೆಡ್ಡೆ ಹರಡಿಕೊಂಡು ಕೂತಿದ್ದರು. ಹಿರಿಯರ ಕೊರಳಲ್ಲಿ ಮಣಿಸರದ ರಾಶಿ, ಎದೆ ತುಂಬ ಕರಿಮಣಿ. ರವಿಕೆಯಿಲ್ಲದೆ ಬಿಗಿದು ಉಟ್ಟ ಸೀರೆ. ಎಳೆಯರು ನಮ್ಮಂತೆಯೇ. ಚಿಕ್ಕಮ್ಮ ಒಂದು ಕಟ್ಟು ಹರಿವೆ ಕೊಂಡಳು. "ಲಾಡ್ಜಿನಲ್ಲಿ ಏನು ಮಾಡ್ತೀಯ ಅದನ್ನ?" ಎಂದೆ. "ಸುಮ್ಮನೆ ಮಾತಾಡಿಸಿ ಬರಕ್ಕಾಗುತ್ತಾ?" ಎಂದಳು. ಆ ಸೊಪ್ಪಿನಿಂದಲೇ ನಮಗೆ ಬಡಗೇರಿಯ ದಾರಿಯೂ ಮಾತೂ ಸಿಕ್ಕಿತು. ಸೊಪ್ಪು ಮಾರುತ್ತಿದ್ದ ತಾಯಿ, ಸುಕ್ರಜ್ಜಿಯ ಊರಿಗೆ ಅಂದ ಕೂಡಲೇ, ಅಲ್ಲಿ ತನಗೆ ಬಳಗವಿದೆ ಎಂದು ನಮ್ಮನ್ನು ಒಬ್ಬರ ಮನೆಗೆ ಕಳಿಸಿಕೊಟ್ಟರು.

ಸುಕ್ರಿ ಬೊಮ್ಮಗೌಡರನ್ನು ಎಲ್ಲರೂ ಕರೆದದ್ದು ಹಾಲಕ್ಕಿ ಕೋಗಿಲೆ ಎಂದು. 1999ರಲ್ಲಿ ಜಾನಪದಶ್ರೀ, 2006ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2017ರಲ್ಲಿ ಪದ್ಮಶ್ರೀ. ತಾಯಿಯ ಬಾಯಿಂದ ಕಲಿತ ಹಾಡು. ಸುಗ್ಗಿಯದು, ನಟ್ಟಿಯದು, ಮದುವೆಯದು, ಸಾವಿರಗಟ್ಟಲೆ. ಕೋಗಿಲೆ ಎಂಬ ಬಿರುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೋಗಿಲೆಗೆ ಹಾಡು ಹುಟ್ಟಿನಿಂದ ಬಂದಿರುತ್ತದೆ, ಸುಕ್ರಜ್ಜಿ ನೆನಪಿಟ್ಟು ಕಲಿತವರು. ಮತ್ತೆ, ಅವರು ಹಾಡಿದ್ದಷ್ಟೇ ಅಲ್ಲ. ಎಳೆಯ ವಯಸ್ಸಿಗೇ ಮದುವೆ, ಬೇಗ ವೈಧವ್ಯ. ಸಾಕಿದ ಮಗನನ್ನು ಕುಡಿತ ತಿಂದಿತು. ಆ ಮಣ್ಣು ಆರುವ ಮೊದಲೇ ಎದ್ದು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಗೆ ಎದುರು ನಿಂತರು. ರಾಜ್ಯ ಸರ್ಕಾರ ಸಾರಾಯಿ ನಿಷೇಧಿಸಿದ್ದು 2007ರ ಜುಲೈಯಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇಂಥ ಊರುಗಳ ಹೆಂಗಸರು ಅಂಗಡಿಯ ಮುಂದೆ ಕೂತಿದ್ದರು. 1930ರಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆಯ ಕಥೆ ಹೇಳುವಾಗ ಈ ಹೋರಾಟವನ್ನೂ ಸೇರಿಸಿ ಹೇಳಬೇಕು ಎಂಬುದು ನನ್ನ ಆಸೆ.

ನಾವು ಹೋದ ಮನೆಯ ಅಜ್ಜಿಗೆ ಎಪ್ಪತ್ತರ ಮೇಲಾಗಿತ್ತು. ಅಂಗಳಕ್ಕೆ ಸೆಗಣಿ ಸಾರಿಸಿ, ಮೂಲೆಯಲ್ಲಿ ಅಡಿಕೆ ಹರವಿದ್ದರು. ನೀರು ಬೆಲ್ಲ ಕೊಟ್ಟು, "ಎಲ್ಲಿಂದಾಯ್ತು ತಂಗೀ?" ಎಂದು ಕೇಳಿದರು. ಹೇಳಿದೆವು. ಸುಕ್ರಜ್ಜಿಯ ಹೆಸರೆತ್ತಿದಾಗ ಸ್ವಲ್ಪ ಹೊತ್ತು ಅಡಿಕೆ ಕೆದಕುತ್ತ ಸುಮ್ಮನಿದ್ದರು. ಆಮೇಲೆ ತಾವಾಗಿಯೇ, "ಪದ ಕೇಳೂಕೆ ಬಂದದ್ದು? ನಟ್ಟಿನೇ ಇಲ್ಲ, ನಟ್ಟಿ ಪದ ಎಂತಕೆ ಬೇಕು?" ಎಂದರು. ಸಿಟ್ಟಿನ ಮಾತಲ್ಲ. ಸಾಲಾಗಿ ಬಾಗಿ ಸಸಿ ಊರುವಾಗ ಬೆನ್ನು ನೋವು ಮರೆಯಲೆಂದು ಕಟ್ಟಿದ್ದು ಆ ಪದ. ಗದ್ದೆ ಹಡಿಲು ಬಿದ್ದ ಮೇಲೆ, ಇದ್ದ ಗದ್ದೆಗೂ ಯಂತ್ರ ಬಂದ ಮೇಲೆ, ಪದ ವೇದಿಕೆಗೆ ಹೋಗಬೇಕಾಯಿತು. ಬಾಗಿ ಹಾಡುತ್ತಿದ್ದದ್ದನ್ನು ನೆಟ್ಟಗೆ ನಿಂತು ಮೈಕಿನ ಮುಂದೆ ಹಾಡಿದರೆ ಉಸಿರು ಬೇರೆ ಆಗುತ್ತದಂತೆ. ಅಜ್ಜಿ ಎದ್ದು, ಅಂಗಳದಲ್ಲೇ ಬಾಗಿ, ಕೈಯಲ್ಲಿ ಇಲ್ಲದ ಸಸಿಯನ್ನು ನೆಲಕ್ಕೆ ಊರುತ್ತ, ಎರಡು ಸೊಲ್ಲು ಹಾಡಿದರು. ಊರುವಾಗ ಸೊಲ್ಲು ಮುಗಿಯುತ್ತಿತ್ತು, ಹಿಂದಕ್ಕೆ ಹೆಜ್ಜೆ ಇಡುವಾಗ ಉಸಿರು. ಮತ್ತೆ ಊರು, ಮತ್ತೆ ಸೊಲ್ಲು. ನಾನು ಫೋನ್ ತೆಗೆಯಲಿಲ್ಲ. ಕೇಳಿ ತೆಗೆಯಬಹುದಿತ್ತು. ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

"ನೀ ಹಿಡಿಯೇ" ಎಂದರು ಚಿಕ್ಕಮ್ಮನಿಗೆ. ಒಬ್ಬರು ಎತ್ತಬೇಕು, ಇನ್ನೊಬ್ಬರು ಹಿಡಿಯಬೇಕು, ಇಲ್ಲದಿದ್ದರೆ ಪದ ಮುಂದೆ ಹೋಗುವುದಿಲ್ಲ. ಚಿಕ್ಕಮ್ಮ ಹಿಡಿದಳು. ಮಾತು ಗೊತ್ತಿಲ್ಲದಿದ್ದರೂ ರಾಗ ಹಿಡಿದಳು. ಎರಡನೇ ಸಲಕ್ಕೆ ಮಾತೂ ಬಂತು. ಮುಗಿದ ಮೇಲೆ ಅಜ್ಜಿ, "ನಿಮ್ಮ ಕಡೀದು ಒಂದು ಹೇಳು" ಎಂದರು. ಚಿಕ್ಕಮ್ಮ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ದಾರಿಯಲ್ಲಿ ಬರುವಾಗ ಹೇಳಿದಳು. ಬೀಸುವಾಗ ಅಜ್ಜಿ ಗೂಟದ ಆಚೆ, ಇವಳು ಈಚೆ. ಅಜ್ಜಿ ಎತ್ತುವವಳು, ಇವಳು ಹಿಡಿಯುವವಳು. ಹಾಗಾಗಿ ಇವಳಿಗೆ ಬರುವುದು ಪ್ರತಿ ಸಾಲಿನ ಕೊನೆಯ ಅರ್ಧ. ಮೊದಲರ್ಧ ಅಜ್ಜಿಯ ಬಾಯಲ್ಲಿತ್ತು, ಅಜ್ಜಿಯ ಜೊತೆ ಹೋಯಿತು. ಅರವತ್ತೆರಡು ವರ್ಷದ ಹೆಂಗಸು ರಸ್ತೆ ಬದಿ ನಿಂತು ಅತ್ತಳು. ಅಜ್ಜಿ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಸಂಜೆ ಲಾಡ್ಜಿನ ಪಕ್ಕದ ಖಾನಾವಳಿಯಲ್ಲಿ ಹರಿವೆ ಸೊಪ್ಪನ್ನು ಅಡುಗೆಯವರಿಗೆ ಕೊಟ್ಟೆವು. ಅವರು ಬೆಳಗಿನ ಸಾರಿಗೆ ಹಾಕುತ್ತೇವೆಂದು ನಗುತ್ತ ತೆಗೆದುಕೊಂಡರು.

ಮೂರನೇ ದಿನ, ಡಿಸೆಂಬರ್ 16, ಮಂಗಳವಾರ

ಹೊನ್ನಳ್ಳಿಗೆ ಆಟೋದಲ್ಲಿ ಹೋದೆವು. ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ ತುಳಸಜ್ಜಿ ಹೋಗಿ ಇವತ್ತಿಗೆ ವರ್ಷ. ಆಟೋ ಓಡಿಸುತ್ತಿದ್ದ ಹುಡುಗ, ಅವರಿಗೆ ಪದ್ಮಶ್ರೀ ಬಂದ ದಿನಗಳಲ್ಲಿ ಈ ದಾರಿಯಲ್ಲಿ ಎಷ್ಟು ಕಾರು ಬರುತ್ತಿದ್ದವೆಂದು ಹೇಳುತ್ತ ಬಂದ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದ ನೆಲಹಾಸಿನ ಮೇಲೆ ಬರಿಗಾಲಲ್ಲಿ ನಡೆದುಹೋದ ಚಿತ್ರ ಎಲ್ಲರ ಫೋನಿನಲ್ಲೂ ಹರಿದಾಡಿತ್ತು. ಆ ಚಿತ್ರ ನೋಡಿ ನಾನೂ ಕಣ್ಣೊರೆಸಿಕೊಂಡವಳೇ. ಆದರೆ ಆಮೇಲೆ ಯಾರ ಬಾಯಲ್ಲೂ ಆ ಪಾದದ ಮಾತೇ. ಆ ಕೈ ಏನು ಮಾಡುತ್ತಿತ್ತು ಎಂದು ಕೇಳಿದವರು ಕಡಿಮೆ.

1944ರಲ್ಲಿ ಹುಟ್ಟಿದವರು. ಎರಡು ವರ್ಷದ ಕೂಸಾಗಿದ್ದಾಗ ತಂದೆ ಹೋದರು. ತಾಯಿ ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಿನಗೂಲಿ. ಅಮ್ಮನ ಸೆರಗು ಹಿಡಿದು ಹೋದ ಮಗಳು ಅಲ್ಲೇ ಕೂಲಿಯಾದಳು. ಮೂವತ್ತೈದು ವರ್ಷ ದಿನಗೂಲಿ. ಆಮೇಲೆ ಕೆಲಸ ಕಾಯಂ ಆಗಿ ಮತ್ತೆ ಹದಿನೈದು ವರ್ಷ. ಎಷ್ಟು ಗಿಡ ನೆಟ್ಟರು ಎಂಬುದಕ್ಕೆ ಮೂವತ್ತು ಸಾವಿರ ಎಂದೂ, ಲಕ್ಷ ಎಂದೂ ಬರೆದವರಿದ್ದಾರೆ. ಅಂಕಿಗಿಂತ ದೊಡ್ಡದು ಇನ್ನೊಂದಿದೆ: ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸುವುದು, ಅದರ ಬೀಜ ಯಾವಾಗ ಬಲಿಯುತ್ತದೆಂದು ತಿಳಿಯುವುದು. ಅರಣ್ಯಾಧಿಕಾರಿಯಾಗಿದ್ದ ಯಲ್ಲಪ್ಪ ರೆಡ್ಡಿಯವರಂಥವರು ಈ ಅಕ್ಷರವಿಲ್ಲದ ಹೆಂಗಸಿನ ಜ್ಞಾನವನ್ನು ಗುರುತಿಸಿ ಹೊರಗೆ ಹೇಳಿದರು. 1986ರಲ್ಲಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. ವೃಕ್ಷಮಾತೆ, ಕಾಡಿನ ವಿಶ್ವಕೋಶ ಎಂಬ ಹೆಸರುಗಳೂ ಬಂದವು.

ಊರೊಳಗೆ ಮನೆಮನೆ ತಿರುಗುವ ಮನಸ್ಸಾಗಲಿಲ್ಲ. ಮನೆಯವರ ಪಾಡಿಗೆ ಮನೆಯವರಿರಲಿ ಎಂದುಕೊಂಡು ದಾರಿಯ ಪಕ್ಕದ ಮರದಡಿ ನಿಂತು ಕೈಮುಗಿದೆವು. ಅಲ್ಲಿ ನೆಲದ ಮೇಲೆ ಹೊನ್ನೆಯ ಕಾಯಿ ಬಿದ್ದಿದ್ದವು. ಒಂದನ್ನು ಎತ್ತಿಕೊಂಡೆ. ಚಪ್ಪಟೆ, ದುಂಡು, ಹಳೆಯ ಕಾಲದ ದೊಡ್ಡ ನಾಣ್ಯದಷ್ಟು. ಅಂಚಿನ ಸುತ್ತ ಒಣಗಿದ ರೆಕ್ಕೆ, ನಡುವೆ ಗಂಟಿನಂತೆ ಗಟ್ಟಿ. ಬಿಸಿಲಿಗೆ ಹಿಡಿದರೆ ರೆಕ್ಕೆಯ ನರಗಳು ಅಂಗೈಯ ಗೆರೆಗಳಂತೆ ಕಾಣುತ್ತಿದ್ದವು. ನಾಲ್ಕೈದು ಆರಿಸಿ ಚೀಲಕ್ಕೆ ಹಾಕಿಕೊಳ್ಳುವಾಗ ಸೌದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ನೋಡಿ ಹತ್ತಿರ ಬಂದರು. ನರ್ಸರಿಯಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದವರಂತೆ. ನನ್ನ ಕೈಯಿಂದ ಒಂದು ಕಾಯಿ ತೆಗೆದುಕೊಂಡು ಎರಡು ಬೆರಳಲ್ಲಿ ನಡುಗಂಟನ್ನು ಅದುಮಿದರು.

"ಇದು ಆಗೂದಿಲ್ಲ ತಂಗೀ. ಪೊಳ್ಳು."

ಮೊದಲು ಉದುರುವುದರಲ್ಲಿ ಹುಳು ತಿಂದದ್ದು, ಟೊಳ್ಳಾದದ್ದೇ ಹೆಚ್ಚು. ಇನ್ನೂ ಒಂದೆರಡು ತಿಂಗಳು ಕಾಯಬೇಕು. ಅದೂ ಯಾವುದೋ ಮರದ್ದಲ್ಲ. ಕಾಂಡ ನೆಟ್ಟಗಿರಬೇಕು, ರೋಗ ಇರಬಾರದು, ತೀರ ಮುದಿಯೂ ಆಗಿರಬಾರದು, ಸುತ್ತ ಅದೇ ಜಾತಿಯ ಮರ ಇನ್ನೂ ಇರಬೇಕು. ಸಾಗವಾನಿಯ ಬೀಜವನ್ನು ರಾತ್ರಿ ನೆನೆಸಿ ಹಗಲು ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ, ಹಾಗೆ ಎಷ್ಟೋ ದಿನ ಮಾಡಿದರೆ ಮಾತ್ರ ಚಿಪ್ಪು ಸಡಿಲಾಗಿ ಮೊಳಕೆ ಬರುವುದು. ಹಲಸಿನ ಬೀಜ ಹಾಗಲ್ಲ, ತೊಳೆ ಬಿಡಿಸಿದ ವಾರದೊಳಗೆ ಮಣ್ಣಿಗಿಡಬೇಕು, ಒಣಗಿದರೆ ಸತ್ತಂತೆ. ಮತ್ತಿಯ ಕಾಯಿಗೆ ಐದು ರೆಕ್ಕೆ. ಅವರು ನಿಂತ ನಿಲುವಿನಲ್ಲೇ ಇಷ್ಟು ಹೇಳಿದರು. ತುಳಸಜ್ಜಿಯ ಬಗ್ಗೆ ಕೇಳಿದ್ದಕ್ಕೆ ತಮ್ಮ ಕೆಲಸದ ಬಗ್ಗೆ ಹೇಳಿದರು. ಕೇಳಬೇಕಾದ ಪ್ರಶ್ನೆಗೇ ಉತ್ತರ ಸಿಕ್ಕಿತು ಅನ್ನಿಸಿತು ನನಗೆ. ಆ ಕೇಂದ್ರಗಳಲ್ಲಿ ಚೀಲಕ್ಕೆ ಮಣ್ಣು ತುಂಬಿ, ಬೀಜ ಊರಿ, ಮಳೆಗಾಲಕ್ಕೆ ಸಸಿ ಹೊತ್ತು ಗುಡ್ಡ ಹತ್ತಿದ ಹಾಲಕ್ಕಿ ಹೆಂಗಸರು ಎಷ್ಟೋ ಮಂದಿ. ಅವರೊಳಗಿಂದ ಒಬ್ಬರ ಹೆಸರು ದೆಹಲಿ ಮುಟ್ಟಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ದೇಶದ ಪತ್ರಿಕೆಗಳೆಲ್ಲ ತುಳಸಜ್ಜಿಯನ್ನೂ ಸುಕ್ರಜ್ಜಿಯನ್ನೂ ಬುಡಕಟ್ಟಿನ ಮಹಿಳೆ ಎಂದೇ ಬರೆದವು. ಆದರೆ ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಹಾಗೆಯೇ ಇದೆ. ಸುಕ್ರಜ್ಜಿ ಸಿಕ್ಕ ಸಿಕ್ಕ ದೊಡ್ಡವರ ಮುಂದೆಲ್ಲ ಅದನ್ನೇ ಕೇಳಿದರು. ತಮಗಾಗಿ ಏನೂ ಕೇಳದವರು ತಮ್ಮ ಜನರಿಗಾಗಿ ಕೇಳಿದ ಒಂದನ್ನು ಕಾಣದೆ ಹೋದರು. ಅವರ ಮನೆಯ ಮುಂದೆ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡವರಿಗೆ ಈ ಬೇಡಿಕೆಯೂ ನೆನಪಿರಲಿ.

ಹೊರಡುವಾಗ ಸೌದೆಯ ತಾಯಿ ಹೊರೆಗೆ ಕೈ ಕೊಡಲು ಕರೆದರು. ಚಿಕ್ಕಮ್ಮ ಒಂದು ಬದಿ ಹಿಡಿದು ಎತ್ತಿಸಿದಳು. ಅವರ ತಲೆಯ ಮೇಲೂ ಸಿಂಬೆ. ಆರಿಸಿಕೊಂಡಿದ್ದ ಕಾಯಿಗಳನ್ನು ನಾನು ಅಲ್ಲೇ ಮರದ ಬುಡಕ್ಕೆ ಹಾಕಿ ಬಂದೆ.

ಸಂಜೆ ಅದೇ ರೈಲು ಹಿಡಿದೆವು. ಕೂತ ಕೂಡಲೇ ಚಿಕ್ಕಮ್ಮ, "ಆ ಫೋನಿನಲ್ಲಿ ಧ್ವನಿ ಹಿಡಿಯೋದು ಹಾಕು" ಎಂದಳು. ಹಾಕಿದೆ. ಅವಳಿಗೆ ನೆನಪಿದ್ದ ಕೊನೆಯರ್ಧಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದಳು. ರಾಗವಿಲ್ಲದೆ, ಸಾಮಾನಿನ ಪಟ್ಟಿ ಹೇಳುವಂತೆ. ತವರಿನ ಬಾವಿ ಬರುವ ಒಂದು ಸಾಲು, ಅಣ್ಣನ ಬಿಳಿ ಎತ್ತು ಬರುವುದು ಒಂದು, ಕಲ್ಲಿಗೆ ಕೈಮುಗಿಯುವುದು ಒಂದು. ಹತ್ತೊಂಬತ್ತು ಅರ್ಧ ಸಾಲು ಆದವು. ಎದುರಿನ ಸೀಟಿನಲ್ಲಿ ಕೂತಿದ್ದ ಕುಮಟೆಯ ದಂಪತಿ ಮಾತು ನಿಲ್ಲಿಸಿ ಕೇಳುತ್ತಿದ್ದರು.

ಕುಮಟೆ ದಾಟಿದ ಮೇಲೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂತಿದ್ದಳು. ಮಲಗಿದಳೇನೋ ಅಂದುಕೊಂಡೆ. ಅವಳ ಬಲಗೈ ಮಡಿಲಲ್ಲಿ ಸಣ್ಣಗೆ ಸುತ್ತುತ್ತಿತ್ತು, ಬೀಸುಕಲ್ಲಿನ ಗೂಟ ಹಿಡಿದಂತೆ. ಸುತ್ತು ಸುತ್ತಿಗೂ ತುಟಿ ಅಲ್ಲಾಡುತ್ತಿತ್ತು. "ಬಾವೀದು ಸಿಕ್ತು" ಎಂದಳು ಕಣ್ಣು ಬಿಡದೆಯೇ. "ಪೂರ್ತಿ. ನೀನು ಹಿಡಿ."

ನನಗೆ ರಾಗ ಬಾರದು ಎಂದೆ. "ರಾಗ ಆಮೇಲೆ. ಕೈ ಸುತ್ತು ಮೊದಲು" ಎಂದು ನನ್ನ ಕೈ ಹಿಡಿದು ಎಳೆದುಕೊಂಡಳು. ಅವಳು ಎತ್ತಿದಳು. ಅಜ್ಜಿಯ ಜಾಗದಲ್ಲಿ ಅವಳು, ಅವಳ ಜಾಗದಲ್ಲಿ ನಾನು. ಮೊದಲ ಸುತ್ತು ತಪ್ಪಿದೆ. ಎರಡನೆಯದರಲ್ಲಿ ಕೊನೆಯ ಎರಡು ಮಾತು ಹಿಡಿದೆ. ಮೂರನೆಯದು ಎತ್ತುವ ಹೊತ್ತಿಗೆ ಹೊನ್ನಾವರ ಬಿಟ್ಟ ರೈಲು ಶರಾವತಿಯ ಸೇತುವೆಗೆ ಬಂತು. ಕೊಂಕಣ ರೈಲಿನ ದಾರಿಯಲ್ಲೇ ಅತಿ ಉದ್ದದ ಸೇತುವೆ ಅದು, ಎರಡು ಕಿಲೋಮೀಟರಿಗೂ ಹೆಚ್ಚು. ಗದ್ದಲದಲ್ಲಿ ದನಿ ಕೇಳಿಸದಾಯಿತು. ಕೆಳಗೆ ಕತ್ತಲ ನೀರು, ದೂರದಲ್ಲಿ ಎರಡು ದೋಣಿಯ ದೀಪ. ಚಿಕ್ಕಮ್ಮ ಹಾಡು ನಿಲ್ಲಿಸಿದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಸೇತುವೆ ಮುಗಿದು ಗಾಲಿಯ ಸದ್ದು ನೆಲದ ಸದ್ದಾದಾಗ, ಬಿಟ್ಟ ಜಾಗದಿಂದಲೇ ಎತ್ತಿದಳು.